ಕ್ಯಾಮೆರಾದ ಕಣ್ಣು ತಪ್ಪಿಸಿದ ಊರು

ನಿನಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಗಾಡಿ ಎಣಿಸುವುದು ಎಂದು ಹೇಳಿ ಮುಗಿಸಿಬಿಡುತ್ತೇನೆ. ಹೆಚ್ಚು ವಿವರಿಸಲು ಹೋದರೆ ಕೇಳುವವರಿಗೇ ಆಕಳಿಕೆ ಬರುತ್ತದೆ. ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಹೊಸತರಲ್ಲಿ ಅತ್ತೆ, "ಅಷ್ಟ್ ಓದಿ ಗಾಡಿ ಎಣಿಸುಕೆ ಹೋಪುದಾ? ಜಗಲಿಯಂಗೆ ಕೂತ್ಕಂಡ್ ನಾನೂ ಎಣಿಸ್ತೆ" ಎಂದು ನಕ್ಕಿದ್ದರು. ನನಗೆ ಸಿಟ್ಟು ಬಂದಿತ್ತು. ನನ್ನ ಸಿಟ್ಟು ಬರುವುದು ಬೇಗ, ಹೋಗುವುದು ನಿಧಾನ. ಒಂದು ವಾರ ಅವರು ಮಾಡಿದ ಕಾಫಿ ಕುಡಿಯಲಿಲ್ಲ.

ಕೆಲಸವೆಂದರೆ ಇಷ್ಟು. ರಸ್ತೆಗಳು ಕೂಡುವ ಕಡೆ ಉದ್ದನೆಯ ಕಂಬದ ತುದಿಗೆ ಕ್ಯಾಮೆರಾ ಕಟ್ಟಿ, ಬುಡದಲ್ಲಿ ಬ್ಯಾಟರಿಯ ಪೆಟ್ಟಿಗೆ ಇಟ್ಟು, ಎರಡು ದಿನ ಬಿಡುತ್ತೇವೆ. ಆ ವಿಡಿಯೊವನ್ನು ಆಮೇಲೆ ಕಂಪ್ಯೂಟರಿಗೆ ಕೊಟ್ಟು, ಪರದೆಯ ಮೇಲೆ ಪ್ರತಿಯೊಂದು ರಸ್ತೆಗೂ ಅಡ್ಡಲಾಗಿ ಒಂದು ಗೆರೆ ಎಳೆಯುತ್ತೇವೆ. ಯಾವ ಗಾಡಿ ಯಾವ ಗೆರೆ ದಾಟಿ ಬಂತು, ಯಾವ ಗೆರೆ ದಾಟಿ ಹೋಯಿತು, ಅದು ಲಾರಿಯೋ ಬೈಕೋ ರಿಕ್ಷಾವೋ ಎಂದು ಕಂಪ್ಯೂಟರ್ ತಾನೇ ಗುರುತಿಸಿ ಲೆಕ್ಕ ಕೊಡುತ್ತದೆ. ಅದು ತಪ್ಪಿದ ಕಡೆ ನಾವು ಕಣ್ಣಿಟ್ಟು ನೋಡಿ ತಿದ್ದುತ್ತೇವೆ. ಈ ಲೆಕ್ಕ ಹಿಡಿದುಕೊಂಡು ಮೇಲಿನವರು ಎಲ್ಲಿ ಸಿಗ್ನಲ್ ಬೇಕು, ಎಲ್ಲಿ ದಾರಿ ಮುಚ್ಚಬೇಕು ಎಂದು ತೀರ್ಮಾನ ಮಾಡುತ್ತಾರೆ. ತೀರ್ಮಾನ ನಮ್ಮದಲ್ಲ, ಲೆಕ್ಕ ಮಾತ್ರ ನಮ್ಮದು ಎಂದು ನಾವು ಆಫೀಸಿನಲ್ಲಿ ಸಮಾಧಾನದಿಂದ ಹೇಳಿಕೊಳ್ಳುತ್ತಿದ್ದೆವು. ಈಗ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಹೆದ್ದಾರಿ ಅಗಲವಾದ ಮೇಲೆ ನಮ್ಮ ಕಡೆಯ ಊರುಗಳೆಲ್ಲ ಎರಡು ಭಾಗವಾಗಿವೆ. ಮನೆ ಕಡಲ ಬದಿಗಿದ್ದರೆ ಶಾಲೆ, ಡೈರಿ, ರೇಷನ್ ಅಂಗಡಿ ಮೂಡು ಬದಿಗೆ. ನಡುವಿನ ಡಿವೈಡರಿನಲ್ಲಿ ಅಲ್ಲಲ್ಲಿ ದಾಟಲು ಜಾಗ ಬಿಟ್ಟಿದ್ದಾರೆ. ಅದಕ್ಕೆ ಎಲ್ಲರೂ ಗ್ಯಾಪ್ ಎನ್ನುತ್ತಾರೆ. ಗ್ಯಾಪ್ ಇದ್ದಲ್ಲಿ ಅಪಘಾತವಾಗುತ್ತದೆ, ಇಲ್ಲದಲ್ಲಿ ಜನ ಬೈಯುತ್ತಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಗ್ಯಾಪ್ ಇರಬೇಕು, ಯಾವುದನ್ನು ಮುಚ್ಚಬೇಕು ಎಂದು ತಿಳಿಯಲು ಒಂದು ಬೇಸಿಗೆಯಲ್ಲಿ ನಮ್ಮ ಆಫೀಸಿಗೆ ಎಣಿಕೆಯ ಕೆಲಸ ಬಂತು. ನನ್ನ ಪಾಲಿಗೆ ಮೂರು ಜಾಗ: ಒಂದು ಬ್ರಹ್ಮಾವರದಲ್ಲಿ, ಒಂದು ಕುಂದಾಪುರದಲ್ಲಿ, ಇನ್ನೊಂದು ಬೈಂದೂರಿನ ದಾರಿಯಲ್ಲಿ ನನ್ನ ತವರೂರಿನ ಕ್ರಾಸ್.

ನಮ್ಮ ಹಿರಿಯ ಇಂಜಿನಿಯರು ಮೈಸೂರಿನ ಕಡೆಯವರು, ಮೆತ್ತಗಿನ ಮಾತಿನ ಮನುಷ್ಯ. ಪಟ್ಟಿ ನೋಡಿ, "ಇದು ನಿಮ್ಮೂರಲ್ವೇನಮ್ಮ? ಬೇಕಾದ್ರೆ ಇದನ್ನ ಬೇರೆಯವರಿಗೆ ಕೊಡೋಣ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಚುಚ್ಚಿತು. "ಊರು ಬೇರೆ, ಆಫೀಸು ಬೇರೆ ಸರ್. ನಾನು ಯಾರ ಪರವಾಗಿಯೂ ಎಣಿಸುವುದಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವರು ಆಯ್ತು ಎಂದು ಸಹಿ ಹಾಕಿದರು.

ಬ್ರಹ್ಮಾವರದಲ್ಲಿ ಕಂಬ ನಿಲ್ಲಿಸುವಾಗ ಜನ ಸುತ್ತುವರಿದರು. ರಸ್ತೆಯಲ್ಲಿ ಕ್ಯಾಮೆರಾ ಕಂಡರೆ ನಮ್ಮವರಿಗೆ ಮೊದಲು ಹೊಳೆಯುವುದು ದಂಡ. ಹೆಲ್ಮೆಟ್ ಇಲ್ಲದವನ ಫೋಟೊ ಹಿಡಿದು ಮನೆಗೆ ನೋಟಿಸ್ ಕಳಿಸುವ ಕ್ಯಾಮೆರಾಗಳ ಸುದ್ದಿ ಎಲ್ಲರಿಗೂ ಗೊತ್ತು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ: ಇದು ದಂಡದ್ದಲ್ಲ, ನಂಬರ್ ಪ್ಲೇಟ್ ಸಹ ಓದುವುದಿಲ್ಲ, ಬರೀ ಎಣಿಕೆ, ನೀವು ದಿನಾ ಹೇಗೆ ಹೋಗುತ್ತೀರೋ ಹಾಗೆಯೇ ಹೋಗಿ. ಕುಂದಾಪುರದಲ್ಲಿ ಒಬ್ಬ ರಿಕ್ಷಾದವರು ತಮ್ಮ ಸ್ಟ್ಯಾಂಡು ಕಾಣದ ಹಾಗೆ ಕ್ಯಾಮೆರಾ ಸ್ವಲ್ಪ ಆಚೆ ತಿರುಗಿಸಲು ಕೇಳಿದರು. ಪಕ್ಕದ ಬೇಕರಿಯವರು ತಮ್ಮ ಅಂಗಡಿ ಬಾಗಿಲೂ ಸೇರಿ ಕಾಣುವ ಹಾಗೆ ಈಚೆ ತಿರುಗಿಸಲು ಕೇಳಿದರು. ಇಬ್ಬರಿಗೂ ನಗುನಗುತ್ತಲೇ ತಿಳಿಸಿ ಹೇಳಿದೆ. ಗುರುತಿಲ್ಲದವರ ಹತ್ತಿರ ನನಗೆ ಅಷ್ಟು ತಾಳ್ಮೆ ಇತ್ತು.

ನಮ್ಮೂರಿನ ಕ್ರಾಸ್ ದೊಡ್ಡದೇನಲ್ಲ. ಕಡಲಿನಿಂದ ಬರುವ ಸಣ್ಣ ರಸ್ತೆ ಹೆದ್ದಾರಿಗೆ ಸೇರಿ, ಗ್ಯಾಪಿನಲ್ಲಿ ಹಾದು, ಮೂಡು ಬದಿಯ ಊರುಗಳಿಗೆ ಹೋಗುತ್ತದೆ. ಬೆಳಿಗ್ಗೆ ದೋಣಿ ಬಂದ ಮೇಲೆ ಮೀನಿನ ರಿಕ್ಷಾಗಳು, ಸ್ಕೂಟರುಗಳು ಒಂದರ ಹಿಂದೆ ಒಂದು ಆ ಗ್ಯಾಪಿನಲ್ಲಿ ನುಗ್ಗುತ್ತವೆ. ನನ್ನ ಅಮ್ಮ ಮೀನು ಮಾರುವವಳು. ಬುಟ್ಟಿ ಹೊತ್ತು, ಜೊತೆಯ ಹೆಂಗಸರೊಂದಿಗೆ ಒಂದೇ ರಿಕ್ಷಾದಲ್ಲಿ ಹೆದ್ದಾರಿ ದಾಟಿ, ಮೂಡು ಬದಿಯಲ್ಲಿ ಇಳಿದು ಮನೆಮನೆಗೆ ಹೋಗುತ್ತಾಳೆ. ಆ ಮನೆಗಳ ಮಕ್ಕಳು ದೊಡ್ಡವರಾಗಿ ಅವರ ಮಕ್ಕಳೂ ಈಗ ಅಮ್ಮನ ಹತ್ತಿರ ಬಂಗುಡೆ ದೊಡ್ಡದು ಕೊಡಿ ಎಂದು ಜಗಳ ಮಾಡುತ್ತಾರೆ. ನಾನು ಓದಿದ್ದು ಆ ಬುಟ್ಟಿಯ ದುಡ್ಡಿನಲ್ಲಿ.

ಕಂಬ ಕಟ್ಟುವ ದಿನ ನಾನು ಬೇಕೆಂದೇ ಮನೆಗೆ ಹೋಗಲಿಲ್ಲ. ಆಫೀಸಿನವರ ಎದುರು ಊರಿನವಳಾಗಿ ಕಾಣಿಸಿಕೊಳ್ಳಬಾರದು ಎಂಬ ಬಿಗುಮಾನ. ಕ್ಯಾಮೆರಾ ಸರಿಯಾಗಿ ಕೂತಿದೆಯೇ ಎಂದು ನೋಡಿ, ಪರಿಚಯದವರಿಗೆ ಕೈ ಬೀಸಿ, ಗಾಡಿ ಹತ್ತಿದೆ. ಇಲ್ಲಿ ಯಾರಿಗೂ ಏನೂ ಬಿಡಿಸಿ ಹೇಳಲಿಲ್ಲ.

ಸಂಜೆ ತಮ್ಮನ ಫೋನು ಬಂತು. ತಮ್ಮ ದೋಣಿಗೆ ಹೋಗುವವನು. ಸ್ಕೂಟರಿನಲ್ಲಿ ಕಾಲ ನಡುವೆ ಮೀನಿನ ಕ್ರೇಟು, ಹಿಂದೆ ಇಬ್ಬರು, ತಲೆಗೆ ಟವೆಲು. ಹೆಲ್ಮೆಟ್ ಹಾಕು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ನಾನೇ ಒಂದು ತಂದುಕೊಟ್ಟೆ. ಮುಂದಿನ ಸಲ ಹೋದಾಗ ಅದು ಅಡುಗೆಮನೆಯಲ್ಲಿ ಅಂಗಾತ ಬಿದ್ದಿತ್ತು, ಅದರೊಳಗೆ ಅವನ ಹೆಂಡತಿ ಬೆಳ್ಳುಳ್ಳಿ ಹಾಕಿಟ್ಟಿದ್ದಳು.

"ಅಕ್ಕ, ನಮ್ ಕ್ರಾಸಂಗೆ ಕ್ಯಾಮೆರಾ ಕಟ್ಟಿದ್ರಲೆ, ಅದ್ ಎಂತಕೆ? ಫೈನ್ ಹಾಕುಕಾ?" ಎಂದು ಕೇಳಿದ.

ಅಲ್ಲ ಎನ್ನಲು ಬಾಯಿ ತೆರೆದವಳಿಗೆ ಆ ಬೆಳ್ಳುಳ್ಳಿ ನೆನಪಾಯಿತು. ಇವನನ್ನು ಹೆದರಿಸಲು ಇಷ್ಟು ಒಳ್ಳೆಯ ಅವಕಾಶ ಇನ್ನೊಮ್ಮೆ ಸಿಕ್ಕುವುದಿಲ್ಲ ಎನಿಸಿತು.

"ಹೌದ. ಹೆಲ್ಮೆಟ್ ಇಲ್ದಿರೆ ಬೀಳತ್ತ್, ಮೂರ್ ಜನ ಕೂತ್ರೆ ಬೀಳತ್ತ್. ಮನಿಗೇ ನೋಟಿಸ್ ಬತ್ತ್. ಎರಡ್ ದಿನ ಹುಷಾರ್" ಎಂದೆ.

ಹೌದಾ ಅಕ್ಕ ಎಂದು ಅವನು ಬೇಗ ಫೋನಿಟ್ಟ. ಅಂತೂ ಒಂದು ಮಾತು ನಾಟಿತು ಎಂದು ನನಗೆ ಒಳಗೊಳಗೇ ಖುಷಿ. ಅಷ್ಟು ಖುಷಿಪಟ್ಟದ್ದನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಮ್ಮ ಆ ಮಾತನ್ನು ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ನನ್ನ ಅಕ್ಕನೇ ಹೇಳಿದ್ದು, ಅವಳದ್ದೇ ಆಫೀಸಿನ ಕ್ಯಾಮೆರಾ ಎಂದೂ ಸೇರಿಸಿದ. ಅದು ನನಗೆ ಗೊತ್ತಾಗಲಿಲ್ಲ. ಬೆಳಗಾದರೆ ಹೂವಿನ ಚಿತ್ರ, ಶುಭೋದಯ, ದೇವರ ಫೋಟೊ ಬರುತ್ತವೆ ಎಂದು ರೇಗಿ ನಾನು ಆ ಗುಂಪಿನಿಂದ ಹೊರಬಿದ್ದು ವರ್ಷಗಳಾಗಿದ್ದವು.

ಮುಂದಿನ ವಾರ ಆಫೀಸಿನಲ್ಲಿ ವಿಡಿಯೊ ತೆರೆದು ಗೆರೆ ಎಳೆದೆ. ಹೆದ್ದಾರಿಯ ಗಾಡಿಗಳೆಲ್ಲ ಸರಿಯಾಗಿ ಬಿದ್ದಿದ್ದವು: ಲಾರಿ, ಕಾರು, ಕೊಲ್ಲೂರಿಗೆ ಹೋಗುವ ಯಾತ್ರೆಯ ಬಸ್ಸು. ಕಡಲ ಕಡೆಯಿಂದ ಬಂದು ಗ್ಯಾಪ್ ದಾಟಿದವು ಮಾತ್ರ ಬೆರಳೆಣಿಕೆಯಷ್ಟು. ಕಂಪ್ಯೂಟರ್ ಬೈಕುಗಳನ್ನು ಬಿಟ್ಟಿರಬೇಕು, ಲಾರಿಯ ಮರೆಗೆ ಸಣ್ಣ ಗಾಡಿ ಹೋದರೆ ಹಾಗಾಗುವುದುಂಟು ಎಂದುಕೊಂಡು ಕಣ್ಣಿಟ್ಟು ನೋಡಲು ಕೂತೆ.

ಮೊದಮೊದಲು ನಗು ಬಂತು. ಒಂದು ಸ್ಕೂಟರಿನಲ್ಲಿ ಮೂವರು ಬಂದರು. ತಿರುವಿನಲ್ಲಿ ಕೊನೆಯವನು ಇಳಿದ, ಕೈ ಹಿಂದಕ್ಕೆ ಕಟ್ಟಿಕೊಂಡು ದೊಡ್ಡ ಮನುಷ್ಯನ ಹಾಗೆ ನಡೆದು ಹೆದ್ದಾರಿ ದಾಟಿದ, ಆಚೆ ಹೋಗಿ ಮತ್ತೆ ಹತ್ತಿ ಕೂತ. ಇನ್ನೊಬ್ಬರು ಸ್ಕೂಟರನ್ನು ದೂಡಿಕೊಂಡೇ ದಾಟಿದರು, ನಡೆದು ಹೋಗುವವರಿಗೆ ಹೆಲ್ಮೆಟ್ ಏತಕ್ಕೆ ಎಂಬ ಧೈರ್ಯ. ಸಂಬಂಧದಲ್ಲಿ ನನಗೆ ಮಾವನಾಗಬೇಕಾದ ಒಬ್ಬರು ತಿರುವಿನಲ್ಲಿ ನಿಂತು ಕ್ಯಾಮೆರಾವನ್ನು ದಿಟ್ಟಿಸಿ ನೋಡಿ, ಸ್ಕೂಟರ್ ತಿರುಗಿಸಿಕೊಂಡು ವಾಪಸ್ ಹೋದರು. ಅವರ ಹಿಂದೆ ಬಂದವರೂ ತಿರುಗಿಸಿದರು. ಮೀನಿನ ರಿಕ್ಷಾಗಳು ಗ್ಯಾಪಿನ ಕಡೆಗೆ ಬರಲೇ ಇಲ್ಲ. ತಮ್ಮ ಮಾತ್ರ ಒಬ್ಬನೇ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ, ಆ ಹೆಲ್ಮೆಟ್ ಹಾಕಿಕೊಂಡು ನೆಟ್ಟಗೆ ಕೂತು ದಾಟಿದ.

ನಗು ಎಲ್ಲಿ ನಿಂತಿತೋ ಗೊತ್ತಿಲ್ಲ. ಉಳಿದವರೆಲ್ಲ ಎಲ್ಲಿ ಹೋದರು ಎಂದು ಯೋಚಿಸಿದಾಗ ಹೊಳೆಯಿತು. ಕ್ರಾಸಿನಿಂದ ಸ್ವಲ್ಪ ಬಡಗಿಗೆ ಹೆದ್ದಾರಿಯ ಅಡಿಯಲ್ಲಿ ಒಂದು ದೊಡ್ಡ ಮೋರಿ ಇದೆ. ಮಳೆಗಾಲದಲ್ಲಿ ತೋಡು ತುಂಬಿ ಅದರಲ್ಲಿ ನೀರು ಹರಿಯುತ್ತದೆ. ಬೇಸಿಗೆಯಲ್ಲಿ ಒಣಗಿರುತ್ತದೆ, ತಲೆ ತಗ್ಗಿಸಿದರೆ ಸ್ಕೂಟರು ತೂರುತ್ತದೆ. ಊರಿನ ಸ್ಕೂಟರುಗಳೆಲ್ಲ ಆ ಎರಡು ದಿನ ಅಲ್ಲಿ ತೂರಿದ್ದವು. ಮಿತಿಗಿಂತ ಹೆಚ್ಚು ಜನ ತುಂಬಿಕೊಂಡ ರಿಕ್ಷಾಗಳು ಬಡಗಲಿನ ಮುಂದಿನ ಕ್ರಾಸಿಗೆ ಹೋಗಿ ಸುತ್ತಿ ಬಂದಿದ್ದವು. ನಾನು ತಮ್ಮನಿಗೆ ಹೇಳಿದ ಒಂದು ಸುಳ್ಳಿಗೆ ಹೆದರಿ ಇಡೀ ಊರು ನನ್ನ ಕ್ಯಾಮೆರಾದ ಕಣ್ಣು ತಪ್ಪಿಸಿತ್ತು.

ತಮ್ಮನಿಗೆ ಫೋನು ಮಾಡಿದೆ. ಅವನು ಬೀಗುತ್ತಿದ್ದ. "ಹೇಳ್ದ್ ಒಳ್ಳೇದಾಯ್ತ್ ಅಕ್ಕ. ಒಬ್ರಿಗೂ ನೋಟಿಸ್ ಬರ್ಲಿಲ್ಲೆ. ಎಲ್ಲ ನಿನ್ನನ್ನೇ ಹೊಗಳ್ತ್ರ್" ಎಂದ. ಫೋನಿಟ್ಟೆ.

ಆಗ ಮಾಡಬೇಕಾದದ್ದು ಸುಲಭವಿತ್ತು. ಹಿರಿಯ ಇಂಜಿನಿಯರ ಮೇಜಿನ ಹತ್ತಿರ ಹೋಗಿ, ನಾನು ಹೀಗೆ ಹೇಳಿಬಿಟ್ಟೆ, ಲೆಕ್ಕ ಕೆಟ್ಟಿದೆ, ಇನ್ನೊಮ್ಮೆ ಕ್ಯಾಮೆರಾ ಕಟ್ಟೋಣ ಎನ್ನುವುದು. ಎದ್ದು ನಿಂತದ್ದೂ ಹೌದು. ಅಷ್ಟರಲ್ಲಿ ನನ್ನದೇ ಮಾತು ಅಡ್ಡ ಬಂತು. ಯಾರ ಪರವಾಗಿಯೂ ಎಣಿಸುವುದಿಲ್ಲ ಎಂದು ಎಲ್ಲರೆದುರು ಹೇಳಿದವಳು ಈಗ ನಮ್ಮೂರಿನ ಲೆಕ್ಕ ಕಡಿಮೆ ಬಂತು, ಮತ್ತೆ ಎಣಿಸಿ ಎಂದರೆ ಏನೆಂದುಕೊಂಡಾರು? ಊರಿನ ಗ್ಯಾಪ್ ಉಳಿಸಲು ನಾಟಕ ಎನ್ನುವುದಿಲ್ಲವೇ?

ಹಿರಿಯರೇ ನನ್ನ ಮೇಜಿನ ಹತ್ತಿರ ಬಂದು, "ಈ ಕ್ರಾಸಲ್ಲಿ ಅಡ್ಡ ಹೋಗೋ ಗಾಡಿ ಇಷ್ಟೇನಾ? ನೀವು ಊರಿನವರು, ನಿಮಗೆ ಸರಿ ಅನ್ಸತ್ತಾ?" ಎಂದು ಕೇಳಿದರು.

"ಸರಿ ಇದೆ ಸರ್. ಕಣ್ಣಲ್ಲಿ ನೋಡಿಯೇ ತಿದ್ದಿದ್ದೇನೆ" ಎಂದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದೆ.

ನಾನು ಮಾಡಿದ್ದರಲ್ಲಿ ಹೆಚ್ಚು ಕೆಟ್ಟದ್ದು ಯಾವುದು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ತಮ್ಮನಿಗೆ ಹೇಳಿದ ಸುಳ್ಳಿನಲ್ಲಿ ಅವನ ತಲೆ ಉಳಿಯಲಿ ಎಂಬ ಆಸೆಯಾದರೂ ಇತ್ತು. ಹಿರಿಯರಿಗೆ ಹೇಳಿದ್ದರಲ್ಲಿ ನನ್ನ ಮರ್ಯಾದೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ತವರಿಗೆ ಹೋದಾಗ ಆಚೆಮನೆಯ ದೊಡ್ಡಪ್ಪ ಒಂದು ಒಳ್ಳೆಯ ಅಂಜಲು ಮೀನು ತಂದು ಜಗಲಿಯಲ್ಲಿಟ್ಟರು. "ನಿನ್ನಿಂದ ಊರೇ ಉಳೀತ್ ಮಗಾ. ನಮ್ ಹೆಣ್ಣ್ ಒಂದ್ ಆಫೀಸಂಗೆ ಇದ್ರೆ ಹೀಂಗೆ ಕಾಣ್" ಎಂದರು. ಅಮ್ಮ ಅದನ್ನು ಕೊಯ್ದು ಹುರಿದು ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ತಟ್ಟೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದೆ. ಅಮ್ಮ ಪಾಪ, ಜೀರಿಗೆ ಕಷಾಯ ಮಾಡಿಕೊಟ್ಟಳು.

ವರದಿ ಹೋಯಿತು. ತೀರ್ಮಾನ ನಿಧಾನವಾಗಿ ಬಂತು. ಮುಂದಿನ ಮಳೆ ಹಿಡಿಯುವ ಮೊದಲು ನಮ್ಮೂರಿನ ಗ್ಯಾಪಿಗೆ ಕಾಂಕ್ರೀಟಿನ ದಿಮ್ಮಿ ತಂದಿಟ್ಟು ಮುಚ್ಚಿದರು. ಊರಿನವರು ಸೇರಿ ಮನವಿ ಕೊಟ್ಟರು, ಒಂದು ದಿನ ರಸ್ತೆಯಲ್ಲೂ ಕೂತರು. ಇಲ್ಲಿ ದಾಟುವ ಗಾಡಿಗಳೇ ಇಲ್ಲವಲ್ಲ, ಕ್ಯಾಮೆರಾದಲ್ಲಿ ನೋಡಿದ್ದೇವೆ ಎಂಬ ಉತ್ತರ ಬಂತಂತೆ. ಆ ಕ್ಯಾಮೆರಾಕ್ಕೂ ನನಗೂ ಯಾರೂ ಗಂಟು ಹಾಕಲಿಲ್ಲ. ಊರಿನವರ ಲೆಕ್ಕದಲ್ಲಿ ನನ್ನ ಕ್ಯಾಮೆರಾ ದಂಡದ್ದು, ಗ್ಯಾಪ್ ಮುಚ್ಚಿಸಿದ್ದು ಬೇರೆ ಯಾವುದೋ.

ಅಮ್ಮ ಫೋನಿನಲ್ಲಿ, "ನಿನ್ ಕೈಯಂಗೆ ಇದ್ದಿದ್ರೆ ನೀ ಮುಚ್ಚುಕೆ ಬಿಡ್ತಿದ್ಯಾ? ಎಂತ ಮಾಡುದ್, ನಮ್ ಹಣಿಬರ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ನಾನು ಹೂಂ ಎಂದೆ.

ಮಳೆಗೆ ತೋಡು ತುಂಬಿ ಮೋರಿಯ ದಾರಿಯೂ ಮುಚ್ಚಿತು. ರಿಕ್ಷಾದವರು ಬಡಗಲಿನ ಕ್ರಾಸಿಗೆ ಹೋಗಿ ಸುತ್ತಿ ಬರಬೇಕಾಯಿತು. ಬಾಡಿಗೆ ಹೆಚ್ಚಾಗಿ, ಮೀನು ಮಾರುವ ಹೆಂಗಸರಿಗೆ ಅದು ಗಿಟ್ಟಲಿಲ್ಲ. ಅವರು ಏನು ಮಾಡುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದೇ ಕೇಳಲಿಲ್ಲ.

ಆದರೂ ಗೊತ್ತಾಯಿತು. ಮಳೆ ಕಡಿಮೆಯಾಗಿ ಹೊಸ ಮೀನುಗಾರಿಕೆ ಶುರುವಾದ ಮೇಲೆ ಒಂದು ರಜಾದಿನ ಬೆಳಿಗ್ಗೆ ಬ್ರಹ್ಮಾವರದಿಂದ ಬೈಂದೂರಿನ ಬಸ್ಸು ಹತ್ತಿದೆ. ಕಿಟಕಿಯ ಬದಿಯ ಸೀಟು. ನಮ್ಮೂರಿನ ಕ್ರಾಸ್ ಹತ್ತಿರವಾಗುತ್ತಿದ್ದಂತೆ ಡ್ರೈವರ್ ಒಂದೇ ಸಮನೆ ಹಾರ್ನ್ ಒತ್ತಿ ಬ್ರೇಕು ಹಾಕಿದರು. ನೋಡಿದರೆ ಡಿವೈಡರಿನ ಮೇಲೆ ಹೆಂಗಸರು. ಒಬ್ಬಳು ಈಚೆಯಿಂದ ಬುಟ್ಟಿ ಎತ್ತಿಕೊಡುತ್ತಿದ್ದಳು, ಮೇಲೆ ನಿಂತವಳು ಅದನ್ನು ಹಿಡಿದು ಆಚೆ ಇಳಿಸುತ್ತಿದ್ದಳು. ಮೇಲೆ ನಿಂತವಳು ನನ್ನ ಅಮ್ಮ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ಅಲ್ಲಿ ನೆಟ್ಟ ಕಣಗಿಲೆಯ ಗಿಡ ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಲಾರಿಗಳು ಹೋಗುತ್ತಿದ್ದವು, ಎದುರಿಗೆ ನಮ್ಮ ಬಸ್ಸು.

"ಇವ್ರಿಗೆ ಸಾಯುಕೆ ಬೇರೆ ಜಾಗ ಇಲ್ಯಾ" ಎಂದು ಡ್ರೈವರ್ ಬೈದರು. ಅಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ತಪ್ಪಾಯಿತು ಎನ್ನುವ ಹಾಗೆ ಬಸ್ಸಿನ ಕಡೆ ನೋಡಿ ನಕ್ಕಳು. ನಾನು ಒಳಗಿರುವುದು ಅವಳಿಗೆ ಗೊತ್ತಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು, "ಮೊದ್ಲ್ ಇಲ್ಲ್ ಗ್ಯಾಪ್ ಇದ್ದಿತ್. ಯಾರೋ ಪುಣ್ಯಾತ್ಮರ್ ಬಂದ್ ಎಣಿಸಿ ಮುಚ್ಚಿದ್ರಂಬ್ರ್" ಎಂದರು. ನಾನು ಕಿಟಕಿಯಿಂದ ಮುಖ ಒಳಗೆ ಎಳೆದುಕೊಂಡೆ. ಇಳಿಯುವ ಸ್ಟಾಪಿನಲ್ಲಿ ಇಳಿಯದೆ ಬೈಂದೂರಿನವರೆಗೆ ಹೋದೆ. ಅಲ್ಲಿಂದ ಮನೆಗೆ ಬರುವುದಿಲ್ಲ ಎಂದು ಫೋನು ಮಾಡಿ, ತಿರುಗಿ ಬ್ರಹ್ಮಾವರದ ಬಸ್ಸು ಹತ್ತಿದೆ. ಅಮ್ಮನ ಎದುರು ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಹಿರಿಯರಿಗೆ ಎಲ್ಲ ಹೇಳಿದೆ. ತಮ್ಮ, ಹೆಲ್ಮೆಟ್, ಮೋರಿ, ಎಲ್ಲ. ಅವರು ಸಿಟ್ಟಾಗಲಿಲ್ಲ, ಕನ್ನಡಕ ತೆಗೆದು ಒರೆಸಿದರು.

"ಅವತ್ತೇ ಹೇಳಿದ್ರೆ ಎರಡು ದಿನದ ಕೆಲಸ ಇತ್ತಮ್ಮ. ಈಗ ಏನನ್ನ ಎಣಿಸೋದು? ದಾರಿ ಮುಚ್ಚಾಗಿದೆ. ಈಗ ಕ್ಯಾಮೆರಾ ಇಟ್ರೆ ಅಡ್ಡ ಹೋಗೋ ಗಾಡಿ ಒಂದೂ ಸಿಗಲ್ಲ. ನಿಮ್ಮ ಹಳೇ ಲೆಕ್ಕಾನೇ ಸರಿ ಅಂತಾರೆ" ಎಂದರು.

ಇದು ನನಗೆ ಹೊಳೆದೇ ಇರಲಿಲ್ಲ. ತಪ್ಪು ಒಪ್ಪಿಕೊಂಡರೆ ಸರಿಪಡಿಸಬಹುದು ಎಂದು ನಂಬಿಕೊಂಡಿದ್ದೆ. ತಡವಾಗಿ ಒಪ್ಪಿಕೊಂಡದ್ದರಿಂದ ಎಣಿಸಲು ಏನೂ ಉಳಿದಿರಲಿಲ್ಲ.

"ಗಾಡಿ ಇಲ್ಲ ಸರ್, ಜನ ಇದ್ದಾರೆ. ಡಿವೈಡರ್ ಹತ್ತಿ ದಾಟುತ್ತಾರೆ. ಅವರನ್ನು ಎಣಿಸಬಹುದಲ್ಲ?" ಎಂದೆ.

ಅವರು ಒಪ್ಪಿದರು. ಮೊದಲಿನ ಲೆಕ್ಕ ಹೇಗೆ ಕೆಟ್ಟಿತು ಎಂದು ಬರೆದು ಕೆಲಸ ಕೊಟ್ಟವರಿಗೆ ಕಳಿಸಿದರು. ಅದರಲ್ಲಿ ನನ್ನ ಹೆಸರು ಹೋಗುವುದು ಸರಿಯೇ ಎಂದು ಕೇಳಿದರು, ಹೋಗಲಿ ಎಂದೆ. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ಅಪಾಯದಲ್ಲಿ ದಾಟುವವರು ಅಷ್ಟೊಂದು ಇದ್ದಾರೆ ಎಂದು ಕಂಡುಬಂದರೆ ದಾರಿ ತೆರೆದು ಸಿಗ್ನಲ್ ಹಾಕುವುದನ್ನು ಯೋಚಿಸುತ್ತೇವೆ, ಎಣಿಸಿ ತೋರಿಸಿ ಎಂದು. ಹಿರಿಯರು ನನ್ನನ್ನು ಕರೆದು ಒಂದೇ ಮಾತು ಹೇಳಿದರು. "ಈ ಸಲ ನಿಮ್ಮ ಬಾಯಿಂದ ಊರಿಗೆ ಒಂದು ಮಾತೂ ಹೋಗಬಾರದು. ಹೀಗೆ ಮಾಡಿ ಅಂತಲೂ ಬೇಡ, ಮಾಡಬೇಡಿ ಅಂತಲೂ ಬೇಡ. ಹೋದರೆ ಇದೂ ಸುಳ್ಳು ಲೆಕ್ಕ ಆಗತ್ತೆ." ನಾನು ಮಾತು ಕೊಟ್ಟೆ.

ಕಂಬ ಕಟ್ಟಲು ಬೇರೆಯವರು ಹೋದರು. ಮೋರಿಯಲ್ಲಿ ಆಗಲೂ ನೀರು ಬತ್ತಿರಲಿಲ್ಲ. ಈ ಕ್ಯಾಮೆರಾದಲ್ಲಿ ಆಗಿಂದಾಗಲೇ ನೋಡುವ ವ್ಯವಸ್ಥೆ ಇತ್ತು. ಬೆಳಿಗ್ಗೆ ಬೇಗ ಆಫೀಸಿಗೆ ಬಂದು ಪರದೆಯ ಎದುರು ಕೂತೆ. ಡಿವೈಡರಿನ ಉದ್ದಕ್ಕೂ ಒಂದು ಗೆರೆ ಎಳೆದಿದ್ದೆ. ಅದನ್ನು ದಾಟಿದ ಒಬ್ಬೊಬ್ಬರಿಗೂ ಒಂದೊಂದು ಸೇರಬೇಕು.

ಮೀನಿನ ಹೊತ್ತಿಗೆ ಹೆಂಗಸರು ಬಂದರು. ರಸ್ತೆಯ ಅಂಚಿನಲ್ಲಿ ಬುಟ್ಟಿ ಇಳಿಸಿ ನಿಂತರು. ಒಬ್ಬಳು ತಲೆಯೆತ್ತಿ ಕಂಬ ತೋರಿಸಿದಳು. ಎಲ್ಲರೂ ನೋಡಿದರು. ಅಮ್ಮ ಕೈ ಅಲ್ಲಾಡಿಸಿ ಏನೋ ಹೇಳಿದಳು, ಉಳಿದವರು ತಲೆದೂಗಿದರು. ಆಮೇಲೆ ಒಬ್ಬೊಬ್ಬರಾಗಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಬಡಗಲಿಗೆ ತಿರುಗಿ, ರಸ್ತೆಯ ಅಂಚಿನಲ್ಲೇ ಸಾಲಾಗಿ ನಡೆದರು. ಅಮ್ಮ ಎಲ್ಲರಿಗಿಂತ ಹಿಂದೆ. ಬಲಗಾಲು ಊರುವಾಗ ಒಂದು ಕ್ಷಣ ನಿಂತು ನಿಂತು ಊರುತ್ತಿದ್ದಳು. ಅವಳಿಗೆ ಮೊಣಕಾಲು ನೋವಿರುವುದು ನನಗೆ ಗೊತ್ತಾದದ್ದು ಹೀಗೆ, ಆಫೀಸಿನ ಪರದೆಯಲ್ಲಿ. ಅವಳು ಚಿತ್ರದ ಅಂಚು ದಾಟಿ ಹೋದಳು. ಲೆಕ್ಕದ ಜಾಗದಲ್ಲಿ ಸೊನ್ನೆ ಹಾಗೇ ಇತ್ತು.

ಆ ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನಾಳೆಯೂ ಹೀಗೇ ಆದರೆ ಆ ದಾರಿ ಇನ್ನು ತೆರೆಯುವುದಿಲ್ಲ. ಮಾತಾಡಿ ಒಮ್ಮೆ ಕೆಡಿಸಿದ್ದೆ, ಈಗ ಮಾತಾಡದೆ ಕೆಡಿಸುತ್ತಿದ್ದೆ. ಹಿರಿಯರಿಗೆ ಹೇಳೋಣವೆಂದರೆ ಅವರು ತಮ್ಮೂರಿಗೆ ಹೋಗಿದ್ದರು, ಫೋನು ಎತ್ತಲಿಲ್ಲ. ದಿನಾ ಮಾಡುವುದನ್ನೇ ಮಾಡಿ ಎನ್ನುವುದು ಸುಳ್ಳಲ್ಲ ಎಂದು ನನ್ನೊಳಗೇ ವಾದ ಮಾಡಿದೆ. ಬ್ರಹ್ಮಾವರದ ಜನಕ್ಕೆ, ಕುಂದಾಪುರದ ಜನಕ್ಕೆ ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಟ್ಟ ಮಾತು ಮುರಿದು ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ಇವತ್ತ್ ಎಂತಕೆ ಸುತ್ತಿ ಹೋದೆ?"

"ನಿಂಗೆ ಹ್ಯಾಂಗ್ ಗೊತ್ತಾಯ್ತ್?"

"ಕ್ಯಾಮೆರಾದಂಗೆ ಕಂಡೆ."

"ಕಂಡ್ಯಾ?" ಎಂದಳು. ದನಿಯಲ್ಲಿ ಸಂತೋಷವಿತ್ತು. "ನಿನ್ ಆಫೀಸಿಂದೇ ಅಂದೇಳಿ ತಮ್ಮ ಹೇಳ್ದ. ನಿನ್ ಕ್ಯಾಮೆರಾದ್ ಎದ್ರಿಗೆ ನಿನ್ ಅಮ್ಮನೇ ಡಿವೈಡರ್ ಹತ್ತಿರೆ ನಿಂಗೆ ಮರ್ವಾದಿ ಇತ್ತಾ? ಕೆಲ್ಸದಂಗೆ ತೊಂದ್ರೆ ಆತ್ತ್. ಕ್ಯಾಮೆರಾ ತೆಗುವರೆಗೆ ಸುತ್ತಿ ಹೋಪ ಅಂದೇಳಿ ಎಲ್ಲರಿಗೂ ಹೇಳ್ದೆ."

"ಕಾಲ್ ನೋವಿಲ್ಯಾ?"

"ದಿನಾ ಇಪ್ಪುದೇ ಅಲ್ದಾ. ಮೀನ್ ಸ್ವಲ್ಪ ಮೆತ್ತಗಾಯ್ತ್, ಅಷ್ಟೇ."

ಇನ್ನು ತಡೆಯಲಾಗಲಿಲ್ಲ. "ಅಮ್ಮ, ಅದ್ ಫೈನ್ ಹಾಕು ಕ್ಯಾಮೆರಾ ಅಲ್ಲ. ಆಗಳೂ ಅಲ್ಲ. ತಮ್ಮ ಹೆಲ್ಮೆಟ್ ಹಾಕ್ಲಿ ಅಂದೇಳಿ ನಾನ್ ಸುಳ್ಳ್ ಹೇಳ್ದೆ. ಎಷ್ಟ್ ಗಾಡಿ ದಾಟ್ತ್ ಅಂದೇಳಿ ಎಣಿಸುಕೆ ಕಟ್ಟಿದ್ದ್. ನೀವೆಲ್ಲ ಹೆದ್ರಿ ಬರ್ಲಿಲ್ಲೆ. ಹಾಂಗಾಯಿ ಗ್ಯಾಪ್ ಮುಚ್ಚಿದ್ರ್. ಮುಚ್ಚಿಸಿದ್ದ್ ನಾನೇ." ಒಂದೇ ಸಲಕ್ಕೆ ಹೇಳಿದೆ. ಈಗ ಕಟ್ಟಿದ್ದು ಜನರನ್ನು ಎಣಿಸಲು, ಯಾರೂ ದಾಟದಿದ್ದರೆ ಆ ದಾರಿ ಮತ್ತೆ ತೆರೆಯುವುದಿಲ್ಲ ಎಂದೂ ಹೇಳಿದೆ.

ಬಾವಿಕಟ್ಟೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

"ಹಂಗಾರೆ ನಾಳೆ ಎಷ್ಟ್ ಸಲ ದಾಟ್ಕ್ ಮಗಾ?" ಎಂದು ಕೇಳಿದಳು.

ದಿನಾ ದಾಟುವಷ್ಟೇ ಸಾಕು, ಎರಡೂ ಬದಿ ನೋಡಿಕೊಂಡು ದಾಟು ಎಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಅಂಗಳಕ್ಕೆ ಇಳಿದು ಆಚೆಮನೆಯವಳನ್ನು ಕೂಗುತ್ತಿದ್ದಳು.

"ಹ್ವಾಯ್, ನಾಳೆ ಸುತ್ತಿ ಹೋಪುದ್ ಬೇಡಂಬ್ರ್. ಎಲ್ಲ ಡಿವೈಡರ್ ಹತ್ತಿಯೇ ದಾಟ್ಕ್ ಅಂಬ್ರ್. ನಮ್ ಹೆಣ್ಣ್ ಹೇಳಿತ್."